ಮಹಾಕೃತಿಗಳ ಓದು ಮತ್ತು ಕಥೋಲಿಕ ಲಿಬರಲ್ ಆರ್ಟ್ಸ್: ಕಾಸರಗೋಡಿನ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಮಂಜೇಶ್ವರ, ಕುಂಬಳೆ, ಬೇಳ, ಬದಿಯಡ್ಕ ಕಡೆಯ ಮಾಸ್ತರುಗಳು, ಹೆತ್ತವರು, ಡಿಗ್ರಿ ಮಕ್ಕಳು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದೆ. ಊರಲ್ಲಿ ಓದಿನ ಬಳಗ ಕಟ್ಟುವ ಅವಸರವಿದ್ದವರು ಮೊದಲ ನಾಲ್ಕು ಪ್ರಶ್ನೆ ಹಾರಿಸಿ ಮುಂದೆ ಹೋಗಬಹುದು. ಆಮೇಲೆ ಹಿಂದೆ ಬಂದರಾಯಿತು.

ಲಿಬರಲ್ ಆರ್ಟ್ಸ್ ಅಂದರೆ ಬಿ.ಎ. ತಾನೆ?

ಬಿ.ಎ. ಅದರ ದೂರದ ಮೊಮ್ಮಗು. ನಮ್ಮ ಕಡೆ ‘ಆರ್ಟ್ಸ್’ ಎಂದರೆ ಸಯನ್ಸಿಗೆ ಮಾರ್ಕು ಸಾಲದವರು ಸೇರುವ ಗ್ರೂಪು ಎಂಬ ಅರ್ಥ ಹೇಗೋ ಅಂಟಿಕೊಂಡಿದೆ. ಮಧ್ಯಯುಗದ ಯುರೋಪಿನಲ್ಲಿ ಅವು ಏಳು ವಿದ್ಯೆಗಳು. ವ್ಯಾಕರಣ, ತರ್ಕ, ವಾಗ್ಮಿತೆ, ಈ ಮೂರು ಮಾತಿನವು. ಇವಕ್ಕೆ ಟ್ರಿವಿಯಂ ಎಂದು ಹೆಸರು. ಅಂಕಗಣಿತ, ರೇಖಾಗಣಿತ, ಸಂಗೀತ, ಖಗೋಳ, ಈ ನಾಲ್ಕು ಎಣಿಕೆಯವು, ಇವು ಕ್ವಾಡ್ರಿವಿಯಂ. ಗಣಿತ ಬಿಟ್ಟರೆ ಏಳರಲ್ಲಿ ಅರ್ಧಕ್ಕಿಂತ ಹೆಚ್ಚು ಹೋಯಿತು.

ಸಂಗೀತ ಎಣಿಕೆಯ ಪಂಕ್ತಿಯಲ್ಲಿ ಯಾಕೆ ಕೂತಿದೆ ಎಂದು ಕೇಳುವವರು ಇಗರ್ಜಿಯ ಗಾಯನ ಮಂಡಳಿಯ ಗಿಟಾರ್ ಎತ್ತಿಕೊಳ್ಳಲಿ. 12ನೇ ಮೆಟ್ಟಿಲಿನಲ್ಲಿ (ಫ್ರೆಟ್) ತಂತಿ ಒತ್ತಿದರೆ ಉಳಿಯುವುದು ಸರಿ ಅರ್ಧ ಉದ್ದ, ಕೇಳುವುದು ಅದೇ ಸ್ವರ ಒಂದು ಸ್ಥಾಯಿ ಮೇಲೆ. 7ನೇ ಮೆಟ್ಟಿಲಿನಲ್ಲಿ ಹೆಚ್ಚುಕಡಿಮೆ ಮೂರನೇ ಎರಡು ಉಳಿಯುತ್ತದೆ, ಪಂಚಮ ಬರುತ್ತದೆ. ಭಿನ್ನರಾಶಿ ಕಿವಿಗೆ ಕೇಳುವುದು ಹೀಗೆ.

ಲ್ಯಾಟಿನ್ನಿನಲ್ಲಿ ದೀರ್ಘದ ‘ಲೀಬೆರ್’ ಎಂದರೆ ಸ್ವತಂತ್ರ. ಹ್ರಸ್ವದ ‘ಲಿಬೆರ್’ ಎಂದರೆ ಪುಸ್ತಕ. ವಿದ್ಯೆಯ ಹೆಸರು ಬಂದದ್ದು ಮೊದಲನೆಯದರಿಂದ. ಇನ್ನೊಬ್ಬರ ಕೆಲಸ ಮಾಡಿಕೊಡಲು ಬೇಕಾದದ್ದು ಕಸುಬು. ತನಗೆ ತಾನೇ ಯಜಮಾನನಾದವನಿಗೆ ಬೇಕಾದದ್ದು ಈ ವಿದ್ಯೆ. ‘ಉದಾರ ಶಿಕ್ಷಣ’ ಎಂಬ ಅನುವಾದ ಚಾಲ್ತಿಯಲ್ಲಿದೆ, ಆದರೆ ಅದು ದಾನಧರ್ಮದ ಹಾಗೆ ಕೇಳಿಸುತ್ತದೆ. ಆದ್ದರಿಂದ ಇಲ್ಲಿ ಲಿಬರಲ್ ಆರ್ಟ್ಸ್ ಎಂದೇ ಬರೆದಿದ್ದೇವೆ.

ಇದರಲ್ಲಿ ‘ಕಥೋಲಿಕ’ ಯಾವುದು? ದೊತೊರ್ನಿನ ಕ್ಲಾಸಿಗೂ ಇದಕ್ಕೂ ಏನು ವ್ಯತ್ಯಾಸ?

ದೊತೊರ್ನಿನಲ್ಲಿ ಧರ್ಮಸಭೆ ಏನನ್ನು ನಂಬುತ್ತದೆ ಎಂದು ಕಲಿಸುತ್ತಾರೆ. ಉತ್ತರ ಮೊದಲೇ ಇರುತ್ತದೆ, ಇರಲೂ ಬೇಕು. ಇಲ್ಲಿ ಪುಸ್ತಕದ ಮುಂದೆ ಕೂತು ಪ್ರಶ್ನೆ ಕೇಳುತ್ತಾರೆ. ಎರಡನ್ನೂ ಒಂದೇ ಗಂಟೆಯಲ್ಲಿ ಬೆರೆಸಿದರೆ ಎರಡೂ ಕೆಡುತ್ತವೆ.

ಕಥೋಲಿಕ ಎನ್ನಿಸುವುದು ಇದರ ಹಿಂದಿರುವ ಒಂದು ಧೈರ್ಯದಿಂದ: ಸತ್ಯ ಯಾರ ಮನೆಯಲ್ಲಿ ಸಿಕ್ಕಿದರೂ ಅದು ದೇವರದೇ. ಸಂತ ಅಗಸ್ಟೀನರು (354–430) ಇದಕ್ಕೆ ವಿಮೋಚನಕಾಂಡದ ಹೋಲಿಕೆ ಕೊಟ್ಟರು. ಇಸ್ರಯೇಲರು ಈಜಿಪ್ಟ್ ಬಿಡುವಾಗ ಅಲ್ಲಿನ ಚಿನ್ನ ಬೆಳ್ಳಿ ಹೊತ್ತು ತಂದ ಹಾಗೆ, ಕ್ರೈಸ್ತರಲ್ಲದ ತತ್ತ್ವಜ್ಞಾನಿಗಳ ಒಳ್ಳೆಯದನ್ನು ತಂದುಕೊಳ್ಳಬೇಕು ಎಂದರು. ಅವರನ್ನೇ ಮೊದಲು ಎಚ್ಚರಿಸಿದ್ದು ಕ್ರಿಸ್ತಪೂರ್ವದ ರೋಮನ್ ವಾಗ್ಮಿ ಸಿಸೆರೊ ಬರೆದ ‘ಹೊರ್ಟೆನ್ಸಿಯುಸ್’. ಆ ಪುಸ್ತಕ ಕಳೆದುಹೋಗಿ ಚೂರುಪಾರು ಮಾತ್ರ ಉಳಿದಿದೆ.

ಸಂತ ಬೆನೆದಿಕ್ತರ ಮಠನಿಯಮದ 48ನೇ ಅಧ್ಯಾಯ ಇನ್ನೂ ಪ್ರಾಯೋಗಿಕ. ತಪಸ್ಸುಕಾಲದಲ್ಲಿ ಪ್ರತಿಯೊಬ್ಬ ಸನ್ಯಾಸಿಗೂ ಗ್ರಂಥಾಲಯದಿಂದ ಒಂದು ಪುಸ್ತಕ. ಅದನ್ನು ಮೊದಲಿನಿಂದ ಕೊನೆತನಕ, ನಡುವೆ ಹಾರಿಸದೆ ಓದಬೇಕು. ಓದುವ ಹೊತ್ತಿನಲ್ಲಿ ಹರಟೆ ಹೊಡೆಯುವವರಿದ್ದಾರೆಯೇ ಎಂದು ನೋಡಲು ಒಬ್ಬಿಬ್ಬರು ಹಿರಿಯರು ಸುತ್ತು ಬರಬೇಕು. ಮೊಬೈಲು ಇಲ್ಲದ ಕಾಲದಲ್ಲೂ ಓದಿಗೆ ಕಾವಲು ಬೇಕಿತ್ತು ಎಂದಾಯಿತು.

ಆಮೇಲೆ 1599ರಲ್ಲಿ ಯೇಸುಸಭೆಯವರ (ಜೆಸುಯಿಟ್) ಪಾಠಕ್ರಮ ‘ರಾಟಿಯೊ ಸ್ಟುಡಿಯೊರುಂ’ ಬಂತು. 1880ರಲ್ಲಿ ಮಂಗಳೂರಿನಲ್ಲಿ ಸಂತ ಅಲೋಶಿಯಸ್ ಕಾಲೇಜು ತೆರೆದವರೂ ಯೇಸುಸಭೆಯವರೇ. 1852ರಲ್ಲಿ ಡಬ್ಲಿನ್ನಿನಲ್ಲಿ ಇಂಗ್ಲೆಂಡಿನ ಕಥೋಲಿಕ ಗುರು ಜಾನ್ ಹೆನ್ರಿ ನ್ಯೂಮನ್ ವಿಶ್ವವಿದ್ಯಾಲಯ ಎಂದರೇನು ಎಂದು ಉಪನ್ಯಾಸ ಮಾಲೆ ಕೊಟ್ಟರು. 2024ರಲ್ಲಿ ಪೋಪ್ ಫ್ರಾನ್ಸಿಸ್ ಸಾಹಿತ್ಯದ ಓದಿನ ಬಗ್ಗೆಯೇ ಒಂದು ಪತ್ರ ಬರೆದರು.

ಹಾಗಾದರೆ ನಾಸ್ತಿಕರ, ವಿರೋಧಿಗಳ ಪುಸ್ತಕ ಓದಿಸಬಹುದೇ?

ಓದಿಸಬಹುದು. ನಿಷೇಧಿತ ಪುಸ್ತಕಗಳ ಪಟ್ಟಿಯನ್ನು ಧರ್ಮಸಭೆ 1966ರಲ್ಲೇ ಕೈಬಿಟ್ಟಿದೆ. ಅದಕ್ಕಿಂತ ಮುಖ್ಯ, ಅಕ್ವಿನಾಸಿನ ಸಂತ ತೋಮಸರ ಬರವಣಿಗೆಯ ಕ್ರಮ. ಅವರ ‘ಸುಮ್ಮಾ’ದಲ್ಲಿ ಪ್ರತಿ ಪ್ರಶ್ನೆಗೂ ಎದುರಾಳಿಯ ವಾದವೇ ಮೊದಲು ಬರುತ್ತದೆ. ದೇವರಿದ್ದಾನೆಯೇ ಎಂಬಲ್ಲಿ ಶುರುವಾಗುವುದೇ ಇಲ್ಲ ಎನ್ನುವ ಎರಡು ವಾದಗಳಿಂದ: ಲೋಕದಲ್ಲಿ ಕೇಡು ಇದೆ, ಎಲ್ಲವನ್ನೂ ಪ್ರಕೃತಿ ಮತ್ತು ಮನುಷ್ಯರ ಇಚ್ಛೆಯಿಂದಲೇ ವಿವರಿಸಬಹುದು. ಇವತ್ತಿನ ನಾಸ್ತಿಕರೂ ಹೆಚ್ಚಾಗಿ ಈ ಎರಡನ್ನೇ ಹೇಳುತ್ತಾರೆ.

ಈ ಕ್ರಮವನ್ನು ಮಕ್ಕಳಿಂದ ಬರೆಸುವುದು ಇಡೀ ಶಿಕ್ಷಣದಲ್ಲೇ ಅತ್ಯಂತ ಲಾಭದ ಕೆಲಸ ಎಂದು ನಮ್ಮ ಅಭಿಪ್ರಾಯ. ನಮ್ಮೂರಿನ ಒಂದು ವಿಷಯ ಹಿಡಿಯೋಣ.

ಪ್ರಶ್ನೆ: ಗಡಿನಾಡಿನ ಮಗುವನ್ನು ಕನ್ನಡ ಮಾಧ್ಯಮದಲ್ಲೇ ಓದಿಸಬೇಕೇ?

ಬೇಡ ಎಂದು ತೋರುತ್ತದೆ. ಒಂದು, ಕಚೇರಿಯ ಕಾಗದಪತ್ರ ಮಲಯಾಳದಲ್ಲಿ. ಎರಡು, ಮೇಲಿನ ಓದೆಲ್ಲ ಇಂಗ್ಲಿಷಿನಲ್ಲಿ. ಮೂರು, ಮಗುವಿನ ಮನೆಮಾತು ತುಳುವೋ ಕೊಂಕಣಿಯೋ ಇರುವಾಗ ಕನ್ನಡವೂ ಕಲಿತ ಭಾಷೆಯೇ, ಮಾತೃಭಾಷೆಯ ವಾದ ಇಲ್ಲಿ ನಿಲ್ಲುವುದಿಲ್ಲ.

ಇದಕ್ಕೆ ಎದುರಾಗಿ: ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಒದಗಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ.

ಆಮೇಲೆ ‘ನನ್ನ ಉತ್ತರ’ ಎಂದು ವಿದ್ಯಾರ್ಥಿ ತನ್ನ ನಿಲುವು ಬರೆಯುತ್ತಾನೆ. ಒಂದು ಪದವನ್ನಾದರೂ ಎರಡು ಅರ್ಥವಾಗಿ ಬಿಡಿಸಬೇಕು ಎಂಬುದು ಷರತ್ತು. ಇಲ್ಲಿ ‘ಮಾತೃಭಾಷೆ’ ಎಂದರೆ ತಾಯಿಯ ಮಾತೋ, ಅಕ್ಷರ ಕಲಿತ ಮಾತೋ? ಕೊನೆಗೆ ಮೂರು ಆಕ್ಷೇಪಗಳಿಗೂ ಬೇರೆ ಬೇರೆ ಉತ್ತರ. ಒಟ್ಟು 300 ಪದ ಸಾಕು.

ಇದು ಕೆಡುವುದು ಒಂದೇ ಕಡೆ. ಹೊಡೆದು ಬೀಳಿಸಲು ಸುಲಭವಾಗಲೆಂದು ಮಕ್ಕಳು ಬೆರ್ಚಪ್ಪನಂಥ ಆಕ್ಷೇಪ ನಿಲ್ಲಿಸುತ್ತಾರೆ. ಪರೀಕ್ಷೆ ಸರಳ: ಆ ಆಕ್ಷೇಪವನ್ನು ನಿಜವಾಗಿ ನಂಬುವವರ ಕೈಗೆ ಕೊಡಿ. ‘ಹೌದು, ನಾನು ಹೇಳುವುದು ಇದನ್ನೇ’ ಎಂದರೆ ಪಾಸು. ಮೇಲಿನ ಮೂರನೆಯ ಆಕ್ಷೇಪ ನಮಗೂ ಸುಲಭದಲ್ಲಿ ಬಗ್ಗುವುದಿಲ್ಲ.

ಬೇರೆ ಧರ್ಮದವರು ಸೇರಬಹುದೇ?

ಸೇರಬಹುದು, ಸೇರದಿದ್ದರೆ ಬಳಗ ಸಪ್ಪೆ. ಅಕ್ವಿನಾಸರು ಅರಿಸ್ಟಾಟಲನನ್ನು ಹೆಸರು ಹೇಳದೆ ‘ತತ್ತ್ವಜ್ಞಾನಿ’ ಎಂದೂ, ಸ್ಪೇನಿನ ಕೊರ್ದೊಬಾದ ಮುಸ್ಲಿಂ ಪಂಡಿತ ಇಬ್ನ್ ರುಷ್ದ್‌ನನ್ನು ‘ವ್ಯಾಖ್ಯಾನಕಾರ’ ಎಂದೂ ಕರೆಯುತ್ತಿದ್ದರು. ಶಾಲೆಯಲ್ಲಿ ನಡೆಸುವುದಾದರೆ ಸಂವಿಧಾನದ 28(3) ವಿಧಿ ನೆನಪಿರಲಿ: ಸರ್ಕಾರದ ಮಾನ್ಯತೆ ಅಥವಾ ನೆರವಿರುವ ಸಂಸ್ಥೆಯಲ್ಲಿ ಯಾರನ್ನೂ ಒಪ್ಪಿಗೆಯಿಲ್ಲದೆ ಧರ್ಮಬೋಧನೆಗೋ ಪೂಜೆಗೋ ಕೂರಿಸುವಂತಿಲ್ಲ; ಮಕ್ಕಳಾದರೆ ಹೆತ್ತವರ ಒಪ್ಪಿಗೆ ಬೇಕು. ಪ್ರಾರ್ಥನೆ ಇಟ್ಟುಕೊಳ್ಳುವುದಿದ್ದರೆ ಓದು ಶುರುವಾಗುವ ಹತ್ತು ನಿಮಿಷ ಮೊದಲು, ಬೇಕಾದವರಿಗೆ ಮಾತ್ರ.

ಯಾವ ಪುಸ್ತಕ ‘ಮಹಾಕೃತಿ’? ಪಟ್ಟಿ ಇದೆಯೇ?

ಪಟ್ಟಿಗಳು ಬೇಕಾದಷ್ಟಿವೆ. 1952ರಲ್ಲಿ ರಾಬರ್ಟ್ ಹಚಿನ್ಸ್ ಮತ್ತು ಮಾರ್ಟಿಮರ್ ಆಡ್ಲರ್ ಸಂಪಾದಿಸಿ ಬ್ರಿಟಾನಿಕಾ ಹೊರತಂದ ಪಾಶ್ಚಾತ್ಯ ಮಹಾಕೃತಿ ಮಾಲೆಯಲ್ಲಿ 54 ಸಂಪುಟ. ಒಬ್ಬ ಹೆಂಗಸಿನ ಪುಸ್ತಕವೂ ಅದರಲ್ಲಿರಲಿಲ್ಲ. 1990ರ ಆವೃತ್ತಿಯಲ್ಲಿ ಕೆಲವರು ಸೇರಿದರು. ಪುಟಕ್ಕೆ ಎರಡು ಕಾಲಂ, ಸಣ್ಣ ಅಕ್ಷರ, ಟಿಪ್ಪಣಿಯಿಲ್ಲ. ಕಪಾಟಿನ ಅಲಂಕಾರಕ್ಕೆ ಇದಕ್ಕಿಂತ ಒಳ್ಳೆಯದು ಸಿಗದು. ಕ್ಯಾಲಿಫೋರ್ನಿಯಾದಲ್ಲಿ 1971ರಲ್ಲಿ ಶುರುವಾದ ಥಾಮಸ್ ಅಕ್ವಿನಾಸ್ ಕಾಲೇಜಿನಲ್ಲಿ ಪಠ್ಯಪುಸ್ತಕವೇ ಇಲ್ಲ; ಮೂಲಕೃತಿ, ಮೇಜು, ಚರ್ಚೆ ಅಷ್ಟೇ. ಯೂಕ್ಲಿಡನ ರೇಖಾಗಣಿತವನ್ನೂ ಯೂಕ್ಲಿಡನಿಂದಲೇ ಕಲಿಯುತ್ತಾರೆ.

ಪಟ್ಟಿ ಸಿಗದಿದ್ದರೆ ಒಂದು ಅಳತೆ ಇಟ್ಟುಕೊಳ್ಳಿ. ಎರಡನೇ ಸಲ ಓದಿದಾಗ ಮೊದಲ ಸಲದ ನಿಮ್ಮ ಅಭಿಪ್ರಾಯ ಎಳಸು ಎನ್ನಿಸಿದರೆ ಆ ಪುಸ್ತಕ ದೊಡ್ಡದು. ಎರಡನೇ ಓದು ಬರೀ ನೆನಪು ಹಸಿರು ಮಾಡಿದರೆ ಒಳ್ಳೆಯ ಪುಸ್ತಕ, ಅಷ್ಟೇ.

ಎಲ್ಲ ಪಶ್ಚಿಮದ್ದೇ ಆಯಿತಲ್ಲ. ಕಾಸರಗೋಡಿನವರಿಗೆ ಎಲ್ಲಿಂದ ಶುರು?

ಮಂಜೇಶ್ವರದಿಂದ. ಇದು ಅಭಿಮಾನದ ಮಾತಲ್ಲ, ಪಾಠಕ್ರಮದ ಮಾತು.

1949ರಲ್ಲಿ ಮದ್ರಾಸ್ ಸರ್ಕಾರದಿಂದ ರಾಷ್ಟ್ರಕವಿ ಬಿರುದು ಪಡೆದ ಮಂಜೇಶ್ವರದ ಗೋವಿಂದ ಪೈಗಳು (1883–1963) ಯೇಸುವಿನ ಕಡೆಯ ದಿನವನ್ನು ‘ಗೊಲ್ಗೊಥಾ’ದಲ್ಲಿ, ಬುದ್ಧನ ಕಡೆಯ ದಿನವನ್ನು ‘ವೈಶಾಖಿ’ಯಲ್ಲಿ ಬರೆದರು. ಕ್ರೈಸ್ತರಲ್ಲದ, ಬೌದ್ಧರೂ ಅಲ್ಲದ ಒಬ್ಬ ಕವಿ ಎರಡು ಧರ್ಮಗಳ ಒಂದೊಂದು ದಿನವನ್ನು ಕನ್ನಡಕ್ಕೆ ತಂದುಕೊಂಡದ್ದು. ಅಗಸ್ಟೀನರ ಈಜಿಪ್ಟಿನ ಚಿನ್ನವನ್ನು ಈ ದಿಕ್ಕಿನಿಂದಲೂ ಹೊರಬಹುದು! ಇವುಗಳ ನಡುವೆ ಪ್ಲೇಟೊ ಬರೆದ ‘ಫೀಡೊ’ ಇಟ್ಟರೆ ಸಾಕ್ರೆಟಿಸನ ಕಡೆಯ ದಿನವೂ ಸೇರಿತು. ಮೂರು ಸಾವು, ಹತ್ತು ವಾರ.

ಮೊದಲ ವಾರ ನಾಲ್ಕು ಶುಭಸಂದೇಶಗಳ ಶಿಲುಬೆಯ ಅಧ್ಯಾಯಗಳು. ಚಾರ್ಟ್ ಪೇಪರಿನಲ್ಲಿ ನಾಲ್ಕು ಕಾಲಂ ಎಳೆದು, ಶಿಲುಬೆಯ ಮೇಲಿನ ಏಳು ಮಾತುಗಳು ಯಾರಲ್ಲಿ ಎಷ್ಟಿವೆ ಎಂದು ತುಂಬಿಸಿ: ಲೂಕನಲ್ಲಿ ಮೂರು, ಯೊವಾನ್ನನಲ್ಲಿ ಮೂರು, ಮಾರ್ಕ ಮತ್ತು ಮತ್ತಾಯರಲ್ಲಿ ಒಂದೇ ಮಾತು, ‘ನನ್ನನ್ನೇಕೆ ಕೈಬಿಟ್ಟೆ’ ಎಂಬುದು. ಪ್ರತಿ ಶುಭ ಶುಕ್ರವಾರ ಏಳನ್ನೂ ಒಟ್ಟಿಗೆ ಕೇಳಿದವರಿಗೆ ಈ ಕಾಲಂ ನೋಡಿದಾಗ ಒಮ್ಮೆ ಉಸಿರು ನಿಲ್ಲುತ್ತದೆ. ಮಾರ್ಕನ ಯೇಸು ಆ ಒಂದೇ ಮಾತನಾಡಿ ಸಾಯುತ್ತಾನೆ.

ಮುಂದಿನ ಮೂರು ವಾರ ‘ಗೊಲ್ಗೊಥಾ’, ಆಮೇಲೆ ಮೂರು ವಾರ ‘ಫೀಡೊ’. ‘ಫೀಡೊ’ ಪೂರ್ತಿ ಬೇಡ, ನಡುವಿನ ವಾದಗಳಲ್ಲಿ ಹೊಸಬರು ಸಿಕ್ಕಿಹಾಕಿಕೊಳ್ಳುತ್ತಾರೆ. ಅಂಚಿನಲ್ಲಿರುವ ಸ್ಟೆಫನಸ್ ಸಂಖ್ಯೆ ಹಿಡಿದು 57ರಿಂದ 69, 84ರಿಂದ 91, 114ರಿಂದ 118 ಓದಿ. 1578ರ ಒಂದು ಮುದ್ರಣದ ಪುಟಸಂಖ್ಯೆಗಳವು. ಪ್ಲೇಟೊನ ಒಳ್ಳೆಯ ಅನುವಾದಗಳಲ್ಲೆಲ್ಲ ಇರುತ್ತವೆ, ಹಾಗಾಗಿ ಹತ್ತು ಜನ ಹತ್ತು ಅನುವಾದ ತಂದರೂ ಜಾಗ ಸಿಗುತ್ತದೆ. 89ರ ಸುತ್ತ ಬರುವ ಮಾತು ತಪ್ಪಿಸಬೇಡಿ: ನಂಬಿದವರಿಂದ ಮತ್ತೆ ಮತ್ತೆ ಮೋಸಹೋದವನು ಮನುಷ್ಯರನ್ನೇ ದ್ವೇಷಿಸುವ ಹಾಗೆ, ವಾದಗಳಿಂದ ಮೋಸಹೋದವನು ವಾದವನ್ನೇ ದ್ವೇಷಿಸತೊಡಗುತ್ತಾನೆ. ಎರಡು ವಾರ ‘ವೈಶಾಖಿ’. ಕೊನೆಯ ವಾರ ಮೂರನ್ನೂ ಎದುರುಬದುರು ಇಡುವುದು.

ಆ ಕೊನೆಯ ವಾರಕ್ಕೆ ಒಂದೇ ಪ್ರಶ್ನೆ ಸಾಕು: ಅಳುವವರಿಗೆ ಏನು ಹೇಳಲಾಗುತ್ತದೆ? ಸಾಕ್ರೆಟಿಸ್ ಮೊದಲೇ ಹೆಂಡತಿಯನ್ನು ಮನೆಗೆ ಕಳಿಸಿರುತ್ತಾನೆ. ವಿಷ ಕುಡಿದ ಮೇಲೆ ಗೆಳೆಯರು ಅತ್ತಾಗ ಗದರುತ್ತಾನೆ, ಇದಕ್ಕೇ ಹೆಂಗಸರನ್ನು ಕಳಿಸಿದ್ದು ಎನ್ನುತ್ತಾನೆ. ಪಾಲಿಯ ಮಹಾಪರಿನಿಬ್ಬಾಣ ಸುತ್ತದಲ್ಲಿ ಬಾಗಿಲಿಗೊರಗಿ ಅಳುವ ಆನಂದನನ್ನು ಬುದ್ಧ ಕರೆಸಿ, ಪ್ರಿಯವಾದದ್ದೆಲ್ಲ ಅಗಲಲೇಬೇಕೆಂದು ಮೊದಲೇ ಹೇಳಿಲ್ಲವೇ ಎಂದು ಸಮಾಧಾನ ಮಾಡುತ್ತಾನೆ. ಲೂಕನ ಯೇಸು ಜೆರುಸಲೇಮಿನ ಹೆಂಗಸರಿಗೆ ಅಳಬೇಡಿ ಎನ್ನುವುದಿಲ್ಲ. ನನಗಾಗಿ ಬೇಡ, ನಿಮಗಾಗಿ, ನಿಮ್ಮ ಮಕ್ಕಳಿಗಾಗಿ ಅಳಿ ಎನ್ನುತ್ತಾನೆ. ಇದರ ಮೇಲೆ ಒಂದೂವರೆ ಗಂಟೆ ಸಾಲದು.

ಪಂಪ, ವಚನಕಾರರು, ಕುಮಾರವ್ಯಾಸ ಎರಡನೇ ವರ್ಷಕ್ಕೆ. ಗ್ರೀಕ್ ನಾಟಕ ಬೇಕಿದ್ದರೆ ಬಿ.ಎಂ. ಶ್ರೀಯವರ ‘ಅಶ್ವತ್ಥಾಮನ್’, ಲಂಕೇಶರ ‘ದೊರೆ ಈಡಿಪಸ್’ ಎರಡೂ ಸೊಫೊಕ್ಲಿಸನಿಂದ ಬಂದವು.

ಕನ್ನಡದಲ್ಲಿ ಓದಬೇಕೋ ಇಂಗ್ಲಿಷಿನಲ್ಲೋ?

ಪಠ್ಯ ಯಾವ ಭಾಷೆಯದಾದರೂ ಮಾತು ಕನ್ನಡದಲ್ಲಿ ನಡೆಯಲಿ. ಕನ್ನಡ ಅನುವಾದ ಕೈಯಲ್ಲಿಲ್ಲದ ಕಡೆ ಗಮಕದ ಪದ್ಧತಿ ಹಿಡಿಯಿರಿ: ಒಬ್ಬರು ಪ್ಯಾರಾ ಓದುವುದು, ಇನ್ನೊಬ್ಬರು ಕನ್ನಡದಲ್ಲಿ ಅರ್ಥ ಹೇಳುವುದು. ಅರ್ಥ ಹೇಳುವವರು ತಡವರಿಸಿದ ಜಾಗದಲ್ಲೇ ಪುಸ್ತಕದ ಗಂಟು ಇರುತ್ತದೆ, ಆ ಜಾಗವನ್ನು ಪೆನ್ಸಿಲಿನಲ್ಲಿ ಗುರುತಿಸಿ.

ಕೆಲವು ಪದಗಳು ಎಲ್ಲರನ್ನೂ ಎಡವಿಸುತ್ತವೆ. ಗ್ರೀಕರ ‘ಸೈಕಿ’ಗೆ ಆತ್ಮ ಎನ್ನುತ್ತೇವೆ, ಕೂಡಲೇ ವೇದಾಂತದ ಆತ್ಮ ಬಂದು ಕೂರುತ್ತದೆ. ಅರಿಸ್ಟಾಟಲನ ಲೆಕ್ಕದಲ್ಲಿ ಅಡಿಕೆ ಮರಕ್ಕೂ ಸೈಕಿ ಇದೆ, ಅದು ಜೀವದ ತತ್ತ್ವ. ಯೊವಾನ್ನನ ಮೊದಲ ವಾಕ್ಯದ ‘ಲೋಗೊಸ್’ ಹಳೆಯ ಕನ್ನಡ ಬೈಬಲಿನಲ್ಲಿ ‘ವಾಕ್ಯ’, ಹೊಸ ಅನುವಾದದಲ್ಲಿ ‘ದಿವ್ಯವಾಣಿ’. ಗ್ರೀಕಿನಲ್ಲಿ ಅದಕ್ಕೆ ಮಾತು, ಲೆಕ್ಕ, ಕಾರಣ, ಅನುಪಾತ ಎಂಬ ಅರ್ಥಗಳೂ ಇವೆ. ಶಿಲುಬೆಯ ಬುಡದಲ್ಲಿದ್ದ ಶತಾಧಿಪತಿ ಮಾರ್ಕನಲ್ಲಿ ‘ದೇವರ ಪುತ್ರ’ ಎಂದರೆ ಲೂಕನಲ್ಲಿ ‘ದಿಕಾಯೊಸ್’ ಎನ್ನುತ್ತಾನೆ. ನೀತಿವಂತ ಎನ್ನಬೇಕೋ ನಿರಪರಾಧಿ ಎನ್ನಬೇಕೋ? ಅನುವಾದಗಳು ಒಂದನ್ನು ಆರಿಸಿಕೊಳ್ಳುತ್ತವೆ, ಗ್ರೀಕ್ ಎರಡನ್ನೂ ಇಟ್ಟುಕೊಂಡಿದೆ. ಇಂಥ ಪದಗಳಿಗೆ ಒಂದು ನೋಟ್‌ಬುಕ್ ಇಡಿ. ವರ್ಷಕ್ಕೆ 30 ಪದ ಸೇರಿದರೆ ಅದೇ ಬಳಗದ ಆಸ್ತಿ.

ಬಳಗ ಹೇಗೆ ಶುರು ಮಾಡುವುದು?

ಎಂಟರಿಂದ ಹದಿನಾಲ್ಕು ಜನ. ಹದಿನೈದು ದಾಟಿದರೆ ಹಿಂದಿನವರು ಸಭಿಕರಾಗುತ್ತಾರೆ. ಕುರ್ಚಿ ವೃತ್ತದಲ್ಲಿ, ವೇದಿಕೆ ಬೇಡ, ಮೈಕು ಖಂಡಿತ ಬೇಡ. ವಾರಕ್ಕೊಮ್ಮೆ, 90 ನಿಮಿಷ. ಗದ್ಯವಾದರೆ 15ರಿಂದ 20 ಪುಟ, ಕಾವ್ಯವಾದರೆ 150 ಸಾಲಿನ ಒಳಗೆ.

ಮೊದಲ 10 ನಿಮಿಷ ಆಯ್ದ ಒಂದು ಪುಟ ಗಟ್ಟಿಯಾಗಿ ಓದುವುದು. ಆಮೇಲೆ ನಡೆಸುವವರು ಒಂದೇ ಪ್ರಶ್ನೆ ಇಟ್ಟು ಸುಮ್ಮನಾಗಬೇಕು. ಎರಡು ನಿಮಿಷ ಮೌನ ಬಂದರೆ ಹೆದರಬೇಡಿ. ಆ ಮೌನ ತಡೆಯಲಾರದೆ ತಾವೇ ಉತ್ತರ ಹೇಳಿದವರ ಬಳಗ ಮೂರನೇ ವಾರಕ್ಕೆ ಭಾಷಣವಾಗುತ್ತದೆ. ಒಂದು ಗಂಟೆ ಮಾತು. ಕೊನೆಯ 15 ನಿಮಿಷ ಅದೇ ಪುಟವನ್ನು ಇನ್ನೊಮ್ಮೆ ಓದುವುದು. ಈ ಎರಡನೇ ಓದನ್ನು ಅವಸರದಲ್ಲಿ ಬಿಡುವವರೇ ಹೆಚ್ಚು. ಮೊದಲ ಸಲ ಕೇಳಿಸದ ಸಾಲು ಈಗ ಕೇಳಿಸುತ್ತದೆ, ಅದಕ್ಕಾಗಿಯೇ ಇಷ್ಟು ಹೊತ್ತು ಕೂತದ್ದು.

ಪ್ರಶ್ನೆ ಹೇಗಿರಬೇಕು? ‘ಈ ಭಾಗದ ಸಂದೇಶವೇನು’ ಎಂದು ಕೇಳಿದರೆ ಪರೀಕ್ಷೆಯ ಉತ್ತರ ಬರುತ್ತದೆ. ‘ಸಾಕ್ರೆಟಿಸ್ ಹೆಂಡತಿಯನ್ನು ಯಾಕೆ ಮನೆಗೆ ಕಳಿಸಿದ, ಶಿಲುಬೆಯ ಹತ್ತಿರ ಹೆಂಗಸರೇ ಯಾಕೆ ಉಳಿದರು’ ಎಂದು ಕೇಳಿದರೆ ಪುಸ್ತಕ ತೆರೆಯುವ ಸದ್ದು ಕೇಳುತ್ತದೆ.

ಕಾಲ ಮುಖ್ಯ. ನವೆಂಬರಿನಿಂದ ಅಡಿಕೆ ಕೊಯ್ಲು, ಮಾರ್ಚಿನಲ್ಲಿ ಪರೀಕ್ಷೆ. ಕೇರಳದಲ್ಲಿ ಜೂನ್ 19 ವಾಚನ ದಿನ. ಆ ವಾರ ಶುರು ಮಾಡಿದರೆ ಊರಿನ ವಾಚನಾಲಯದವರು ಜಾಗವನ್ನೂ ಕೊಡುತ್ತಾರೆ, ಹತ್ತು ವಾರ ಆಟಿಯ ಮಳೆಯಲ್ಲಿ ಕಳೆದು ಸೆಪ್ಟೆಂಬರ್ 8ರ ತೆನೆಹಬ್ಬದ ಮೊದಲು ಮುಗಿಯುತ್ತದೆ. ಒಂದು ತೊಡಕು: ಮಳೆ ಬಿಟ್ಟು ಬಿಸಿಲು ಬಂದ ದಿನ ತೋಟಕ್ಕೆ ಮದ್ದು ಬಿಡುವವರು ಯಾರೂ ಬರುವುದಿಲ್ಲ, ಬರಲೂಬಾರದು; ಕೊಳೆರೋಗ ಪ್ಲೇಟೊಗಾಗಿ ಕಾಯುವುದಿಲ್ಲ. ಬದಲಿ ದಿನ ಮೊದಲೇ ಗೊತ್ತುಮಾಡಿ. ಭಾನುವಾರ ಬಲಿಪೂಜೆ ಮುಗಿದ ತಕ್ಷಣವೂ ಬೇಡ. ಹಸಿದವರು ಬೇಗ ಒಪ್ಪಿಕೊಳ್ಳುತ್ತಾರೆ.

ಸಾಮಾನ್ಯವಾಗಿ ಎಲ್ಲಿ ಕೆಡುತ್ತದೆ?

ಫಾದರ್ ಕೂತರೆ ಎಲ್ಲರೂ ಅವರ ಮುಖ ನೋಡುತ್ತಾರೆ. ಅವರು ಬರಲಿ, ಆದರೆ ಮೊದಲ 45 ನಿಮಿಷ ಪ್ರಶ್ನೆ ಮಾತ್ರ ಕೇಳಬಹುದು ಎಂಬ ನಿಯಮ ಇರಲಿ. ಹೆಚ್ಚಿನವರು ಸಂತೋಷದಿಂದ ಒಪ್ಪುತ್ತಾರೆ. ಕನ್ನಡ ಮಾಸ್ತರಿಗೂ ಇದೇ ನಿಯಮ.

ಎರಡನೆಯದು ನಮ್ಮೂರಿನದೇ ಕಾಯಿಲೆ, ತಾಳಮದ್ದಳೆಯ ಚಟ. ಶೇಣಿ ಗೋಪಾಲಕೃಷ್ಣ ಭಟ್ಟರಂಥ ಅರ್ಥಧಾರಿಗಳನ್ನು ಕೇಳಿ ಬೆಳೆದ ನಾಡು ಇದು. ಎದುರಾಳಿಯ ಮಾತನ್ನೇ ಹಿಡಿದು ತಿರುಗಿಸುವುದು ರಕ್ತದಲ್ಲಿದೆ. ತರ್ಕ, ವಾಗ್ಮಿತೆ ಎರಡಕ್ಕೂ ಇದಕ್ಕಿಂತ ಒಳ್ಳೆಯ ಗರಡಿ ಇಲ್ಲ, ಯುರೋಪಿನ ಮಠಶಾಲೆಗಳು ನೋಡಿದ್ದರೆ ಹೊಟ್ಟೆಕಿಚ್ಚುಪಡುತ್ತಿದ್ದವು. ಆದರೆ ಅಲ್ಲಿ ವಾಲಿಯ ಪಾತ್ರ ವಹಿಸಿದವರು ವಾಲಿಯನ್ನು ಬಿಟ್ಟುಕೊಡುವಂತಿಲ್ಲ; ಇಲ್ಲಿ ನಡುವೆಯೇ ‘ನಾನು ತಪ್ಪಿದೆ’ ಎನ್ನಲು ಬರಬೇಕು. ಮಾತು ಗೆಲುವಿಗೆ ತಿರುಗಿದ ಕೂಡಲೇ ನಡೆಸುವವರು ‘ಯಾವ ಸಾಲಿನಲ್ಲಿದೆ?’ ಎಂದು ಕೇಳಲಿ. ಎಂಥ ಮಾತಿನ ಮಲ್ಲನಾದರೂ ಪುಟ ಹುಡುಕುವಾಗ ತಣ್ಣಗಾಗುತ್ತಾನೆ.

ಮೂರನೆಯದು ಲೇಖಕರ ಜೀವನಚರಿತ್ರೆ. ಅಗಸ್ಟೀನರ ಪೂರ್ವಾಶ್ರಮದ ಬಗ್ಗೆ ಅರ್ಧ ಗಂಟೆ ಮಾತಾಡಿದವರು ಪುಸ್ತಕ ಓದಿ ಬಂದಿರುವುದಿಲ್ಲ.

ಅಗಸ್ಟೀನರ ‘ಕನ್ಫೆಶನ್ಸ್’ ಅರ್ಧಕ್ಕೇ ನಿಂತಿತು. ದಾಂತೆಯದೂ ಅಷ್ಟೇ. ಏನು ಮಾಡುವುದು?

ಅಗಸ್ಟೀನರು ತಮ್ಮ ಬದುಕಿನ ಕಥೆ ಹೇಳಿಕೊಂಡ ‘ಕನ್ಫೆಶನ್ಸ್’ 13 ಭಾಗ. ಎಲ್ಲರೂ ನಿಲ್ಲುವುದು 10ರಲ್ಲಿ, ಯಾಕೆಂದರೆ 9ಕ್ಕೆ ಕಥೆ ಮುಗಿದು ನೆನಪು, ಕಾಲ, ಸೃಷ್ಟಿಯ ಚಿಂತನೆ ಶುರುವಾಗುತ್ತದೆ. ಮೊದಲ ಸಲ 9ಕ್ಕೆ ನಿಲ್ಲಿಸಿ. ಮುಂದಿನ ವರ್ಷ 11ನ್ನು ಮಾತ್ರ ಬೇರೆಯಾಗಿ ಓದಿ. ಇಟಲಿಯ ಕವಿ ದಾಂತೆಯ ‘ಡಿವೈನ್ ಕಾಮೆಡಿ’ ಕಾವ್ಯ 100 ಸರ್ಗ: ನರಕಕ್ಕೆ 34, ಸತ್ತವರು ಪಾಪ ತೊಳೆದುಕೊಳ್ಳುವ ಶುದ್ಧೀಕರಣದ ಬೆಟ್ಟಕ್ಕೆ 33, ಸ್ವರ್ಗಕ್ಕೆ 33. ನರಕದ ಚಿತ್ರಗಳು ರೋಚಕ, ಹಾಗಾಗಿ ಅಲ್ಲಿಗೇ ಬಿಡುತ್ತಾರೆ. ಆದರೆ ನರಕದಲ್ಲಿ ಯಾರೂ ಬದಲಾಗುವುದಿಲ್ಲ. ಬಳಗಕ್ಕೆ ಹೇಳಿ ಮಾಡಿಸಿದ್ದು ನಡುವಿನ ಭಾಗ: ಅಲ್ಲಿ ಎಲ್ಲರೂ ಹತ್ತುತ್ತಿದ್ದಾರೆ, ಒಬ್ಬರಿಗೊಬ್ಬರು ಹಾಡುತ್ತಿದ್ದಾರೆ.

ಸಾರಾಂಶ ಓದಿದರೆ, ಎಐಯನ್ನು ಕೇಳಿದರೆ ಸಾಲದೇ?

‘ಕನ್ಫೆಶನ್ಸ್’ ಎರಡನೇ ಭಾಗದ ಸಾರಾಂಶ ಒಂದು ಸಾಲು: ಹದಿನಾರರ ಹುಡುಗ ಗೆಳೆಯರೊಂದಿಗೆ ಪಿಯರ್ ಹಣ್ಣು ಕದ್ದ. ಪುಸ್ತಕದಲ್ಲಿ ಆ ಹಣ್ಣು ರುಚಿಯದಲ್ಲ, ಮನೆಯಲ್ಲಿ ಅದಕ್ಕಿಂತ ಒಳ್ಳೆಯದಿತ್ತು, ಕದ್ದದ್ದನ್ನು ಹಂದಿಗಳಿಗೆ ಎಸೆದರು, ಒಬ್ಬನೇ ಇದ್ದಿದ್ದರೆ ಕದಿಯುತ್ತಿರಲಿಲ್ಲ. ಹಾಗಾದರೆ ಯಾಕೆ ಕದ್ದ? ಬಗೆಹರಿಯದೆ ಲೇಖಕರು ಪುಟಗಟ್ಟಲೆ ಒದ್ದಾಡುತ್ತಾರೆ. ಸಾರಾಂಶದಲ್ಲಿ ಕಳ್ಳತನ ಉಳಿಯಿತು, ಒದ್ದಾಟ ಹೋಯಿತು.

ಮಕ್ಕಳಿಗೆ ಯಾವಾಗ ಶುರು?

ಹತ್ತು ವರ್ಷದ ತನಕ ಬಾಯಿಪಾಠ: ಮಗ್ಗಿ, ಪದ್ಯ, ಕೀರ್ತನೆ. ಕಂಠಪಾಠವನ್ನು ಹೀಗಳೆಯುವುದು ಈಗ ಫ್ಯಾಷನ್. ಆ ವಯಸ್ಸಿಗೆ ಅದು ಆಟವೇ. ಹನ್ನೊಂದರ ಮೇಲೆ ವಾದಿಸುವ ಬುದ್ಧಿ ತಾನಾಗಿ ಬರುತ್ತದೆ, ಆಗ ತರ್ಕ. ಹೈಸ್ಕೂಲಿನಲ್ಲಿ ಬರೆದು ಒಪ್ಪಿಸುವುದು.

ಏಳು ವಿದ್ಯೆಗಳಲ್ಲಿ ಮೂರು ಒಂದೇ ತರಗತಿಯಲ್ಲಿ ಬರುವ ಪಾಠ ಬೇಕಿದ್ದರೆ ಭಾಮಿನಿ ಷಟ್ಪದಿ ಹಿಡಿಯಿರಿ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಕುಮಾರವ್ಯಾಸನ ಮೊದಲ ಸಾಲು: ಶ್ರೀವ, ನಿತೆಯರ, ಸನೆವಿ, ಮಲರಾ. ಮೂರು, ನಾಲ್ಕು, ಮೂರು, ನಾಲ್ಕು; ಒಟ್ಟು 14. ಮೂರನೇ ಮತ್ತು ಆರನೇ ಸಾಲು 23. ಆರು ಸಾಲಿಗೆ 102. ಐದನೇ ಕ್ಲಾಸಿನ ಮಗು ಬೆರಳು ಮಡಚುತ್ತ ಎಣಿಸುವಾಗ ವ್ಯಾಕರಣ, ಲೆಕ್ಕ, ತಾಳ ಮೂರೂ ಒಟ್ಟಿಗೆ ನಡೆಯುತ್ತಿರುತ್ತವೆ. ‘ಮಲರಾ’ ಎಂಬಲ್ಲಿ ಪದ ಅರ್ಧಕ್ಕೆ ಮುರಿದು ‘ಜೀವ’ ಮುಂದಿನ ಸಾಲಿಗೆ ಹೋಗಿದೆ ಎಂದು ಯಾರಾದರೂ ಎದ್ದುನಿಂತು ದೂರುತ್ತಾರೆ. ಆ ಮಗುವನ್ನು ಗುರುತಿಟ್ಟುಕೊಳ್ಳಿ.

ಇದರಿಂದ ಕೆಲಸ ಸಿಗುತ್ತದೆಯೇ?

ನೇರವಾಗಿ ಇಲ್ಲ. ಸಿಗುತ್ತದೆ ಎಂದು ಬ್ರೋಷರಿನಲ್ಲಿ ಹಾಕುವವರನ್ನು ನಂಬಬೇಡಿ. ನರ್ಸಿಂಗ್ ಬೇಕಿದ್ದವರು ನರ್ಸಿಂಗ್ ಓದಲಿ, ಗಲ್ಫಿಗೆ ಹೋಗುವವರು ಅದಕ್ಕೆ ಬೇಕಾದ ಕೋರ್ಸು ಮಾಡಲಿ. ಜೊತೆಗೆ ವಾರಕ್ಕೆ 90 ನಿಮಿಷ ಇದು. ಜ್ಞಾನ ತನಗೆ ತಾನೇ ಗುರಿ ಎಂದು ನ್ಯೂಮನ್ ವಾದಿಸಿದರು. ಪಳಗಿದ ಬುದ್ಧಿ ಯಾವ ಕೆಲಸಕ್ಕೂ ಒದಗುತ್ತದೆ ಎಂದೂ ಒಪ್ಪಿದರು, ಆದರೆ ಆ ಕ್ರಮದಲ್ಲಿ. ಕೇರಳದಲ್ಲಿ 2024ರಿಂದ ಬಂದ ನಾಲ್ಕು ವರ್ಷದ ಡಿಗ್ರಿಯಲ್ಲಿ ಬೇರೆ ವಿಭಾಗದ ಕೋರ್ಸುಗಳನ್ನೂ ತೆಗೆದುಕೊಳ್ಳಬೇಕು. ಸಯನ್ಸಿನವರು ಅಲ್ಲಿ ಸುಲಭದ್ದನ್ನು ಹುಡುಕದೆ ಸಾಹಿತ್ಯವನ್ನೋ ತತ್ತ್ವಶಾಸ್ತ್ರವನ್ನೋ ಕೇಳಿ ನೋಡಬಹುದು.

ಪುಸ್ತಕಕ್ಕೆ ಖರ್ಚೆಷ್ಟು? ಜೆರಾಕ್ಸ್ ಮಾಡಬಹುದೇ?

ಭಾರತದಲ್ಲಿ ಲೇಖಕರು ತೀರಿಕೊಂಡ ವರ್ಷದ ಮುಂದಿನ ಜನವರಿಯಿಂದ 60 ವರ್ಷ ಕೃತಿಸ್ವಾಮ್ಯ. ಗೋವಿಂದ ಪೈಗಳು 1963ರಲ್ಲಿ ತೀರಿಕೊಂಡರು. ಅವರ ಬದುಕಿನ ಕಾಲದಲ್ಲಿ ಪ್ರಕಟವಾದ ಕಾವ್ಯಗಳು 2024ರ ಜನವರಿ 1ರಿಂದ ಸಾರ್ವಜನಿಕ ಸ್ವತ್ತು. ಮುದ್ರಿಸಬಹುದು, ಹಂಚಬಹುದು. ಆದರೆ ಈಚಿನ ಸಂಪಾದಕರ ಮುನ್ನುಡಿ, ಟಿಪ್ಪಣಿಗಳನ್ನು ಸೇರಿಸಬೇಡಿ, ಅವುಗಳ ಹಕ್ಕು ಬೇರೆ. ಅನುವಾದಕ್ಕೂ ಹಕ್ಕು ಬೇರೆಯೇ: ಪ್ಲೇಟೊ ಹಳಬನಾದರೂ ಅನುವಾದಕರು ಹೊಸಬರಿರಬಹುದು. 1893ರಲ್ಲಿ ತೀರಿಕೊಂಡ ಬೆಂಜಮಿನ್ ಜೊವೆಟ್ಟರ ಇಂಗ್ಲಿಷ್ ಅನುವಾದಕ್ಕೆ ತೊಂದರೆಯಿಲ್ಲ.

ನೀವೇ ಮುದ್ರಿಸುವುದಾದರೆ ಎ4 ಹಾಳೆ, 14 ಪಾಯಿಂಟ್ ಅಕ್ಷರ, ಹೊರ ಅಂಚಿನಲ್ಲಿ 5 ಸೆಂಟಿಮೀಟರ್ ಖಾಲಿ, ಐದೈದು ಸಾಲಿಗೊಮ್ಮೆ ಸಂಖ್ಯೆ. ಸಂಖ್ಯೆ ಹಾಕದಿದ್ದರೆ ‘ಮೇಲಿನಿಂದ ಆರನೆಯದು, ಅಲ್ಲ ಅದರ ಕೆಳಗಿನದು’ ಎನ್ನುವುದರಲ್ಲೇ ಪ್ರತಿ ವಾರ ಕಾಲು ಗಂಟೆ ಹೋಗುತ್ತದೆ. ಪಿಡಿಎಫ್ ಮೊಬೈಲಿನಲ್ಲಿ ಹಂಚಬೇಡಿ. ವಾಟ್ಸಾಪ್ ಬಂದ ಕೂಡಲೇ ಸಾಕ್ರೆಟಿಸ್ ಒಬ್ಬನೇ ಸಾಯುತ್ತಾನೆ.

ನಾಲ್ಕನೇ ವಾರಕ್ಕೆ ಮೂವರೇ ಉಳಿದರೆ?

ಮುಂದುವರಿಸಿ. ಮೂವರಾದರೆ ಪುಟ ಕಡಿಮೆ ಮಾಡಿ, ಪೂರ್ತಿ ಭಾಗವನ್ನೇ ಗಟ್ಟಿಯಾಗಿ ಓದಿ. ಒಬ್ಬರು ಓದು, ಒಬ್ಬರು ಅರ್ಥ, ಒಬ್ಬರು ಆಕ್ಷೇಪ. ಬಿಟ್ಟುಹೋದವರಿಗೆ ಕರೆ ಮಾಡುವಾಗ ‘ಯಾಕೆ ಬರಲಿಲ್ಲ’ ಎನ್ನಬೇಡಿ, ಈ ವಾರ ಯಾವ ಸಾಲಿನಲ್ಲಿ ಸಿಕ್ಕಿಬಿದ್ದಿರಿ ಎಂದು ಹೇಳಿ. ಒಬ್ಬಿಬ್ಬರು ಹಿಂದೆ ಬರುತ್ತಾರೆ. ಬಾರದವರ ಪ್ರತಿ ವಾಪಸ್ ತೆಗೆದುಕೊಳ್ಳಬೇಡಿ, ಅವರ ಮನೆಯಲ್ಲೇ ಇರಲಿ.